ಸವೆದ ಫ್ರೆಟ್‌ಗಳು: ಅರ ಹಿಡಿಯುವ ಮೊದಲು ನಾನು ಅಳೆದದ್ದು, ಆಮೇಲೆ ಆರಿಸಿಕೊಂಡದ್ದು

ನನ್ನ ಅಕೌಸ್ಟಿಕ್ ಗಿಟಾರಿನಲ್ಲಿ ಸಿ ಮೇಜರ್, ಎ ಮೈನರ್, ಡಿ ಸೆವೆನ್ತ್ ಈ ಮೂರು ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ಹಿಡಿದಾಗ ಎರಡನೆಯ ತಂತಿ ಕರಕರ ಎನ್ನುತ್ತಿತ್ತು. ಮೂರರಲ್ಲಿಯೂ ಆ ತಂತಿಯನ್ನು ಮೊದಲನೆಯ ಫ್ರೆಟ್‌ನಲ್ಲಿಯೇ (ಫ್ರೆಟ್ ಎಂದರೆ ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಒತ್ತಬೇಕಾದುದರಿಂದ ಸವೆತವು ಅಲ್ಲಿ ಹೆಚ್ಚಾಗಿರುವುದು ಸಹಜ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮೊದಲ ಮೂರು ಫ್ರೆಟ್‌ಗಳ ಮೇಲೆ ತೆಳು ತಂತಿಗಳ ಕೆಳಗೆ ಗುಳಿಗಳು ಕಾಣುತ್ತಿದ್ದವು. ಆದರೂ ಗುಳಿ ಕಂಡ ಮಾತ್ರಕ್ಕೆ ಸದ್ದಿಗೆ ಅದೇ ಕಾರಣವೆಂದು ಹೇಳಲಾಗದು. ಫ್ರೆಟ್‌ನ ಲೋಹವನ್ನು ಒಮ್ಮೆ ಅರೆದು ತೆಗೆದರೆ ಮತ್ತೆ ಸೇರಿಸಲು ಬಾರದಾದ್ದರಿಂದ, ಮೊದಲು ಉಳಿದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದೆ.

ಮೊದಲನೆಯ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕುತ್ತಿಗೆಯು ಒಡಲನ್ನು ಸೇರುವ ಹದಿನಾಲ್ಕನೆಯ ಫ್ರೆಟ್‌ನಲ್ಲಿ ಆರನೆಯ ತಂತಿಯನ್ನು ಒತ್ತಿ, ಏಳನೆಯ ಫ್ರೆಟ್‌ನ ಮೇಲೆ ಉಳಿದ ಅಂತರವನ್ನು ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಲೋಹದ ಎಲೆಗಳಿಂದ) ಅಳೆದೆ. ಸುಮಾರು 0.2 ಮಿ.ಮೀ. ಇತ್ತು, ಹಾಗಾಗಿ ಕುತ್ತಿಗೆಯ ಬಾಗನ್ನು ಸರಿಪಡಿಸುವ ಒಳಗಿನ ಸರಳಾದ ಟ್ರಸ್ ರಾಡನ್ನು ಮುಟ್ಟುವ ಅಗತ್ಯ ಕಾಣಲಿಲ್ಲ. ಹವೆ ತೀರ ಒಣಗಿದಾಗ ಮುಂಭಾಗದ ಹಲಗೆ ಕುಗ್ಗಿ ತಂತಿಗಳು ಕೆಳಗಿಳಿಯುವುದುಂಟು. ಆದರೆ ನನ್ನ ವಾದ್ಯ 45ರಿಂದ 55 ಶೇಕಡಾ ಆರ್ದ್ರತೆಯಲ್ಲಿಯೇ ಇತ್ತು. ಕುತ್ತಿಗೆಯ ಕೋನವನ್ನೂ ಬಿಡಲಿಲ್ಲ. ಫ್ರೆಟ್‌ಗಳ ನೆತ್ತಿಯ ಮೇಲೆ ಉದ್ದನೆಯ ನೇರ ಪಟ್ಟಿಯನ್ನಿಟ್ಟಾಗ ಅದರ ತುದಿ ಬ್ರಿಡ್ಜ್‌ನ (ಒಡಲಿನ ಮೇಲೆ ತಂತಿಗಳನ್ನು ಬಿಗಿಯುವ ತುಂಡಿನ) ಮೇಲ್ಮೈಗೆ ಸರಿಯಾಗಿ ತಾಗಿತು. ಅದು ಬ್ರಿಡ್ಜ್‌ಗಿಂತ ಬಹಳ ಕೆಳಗೆ ಹೋಗಿದ್ದರೆ ಮೊದಲು ಕುತ್ತಿಗೆಯನ್ನು ಬಿಚ್ಚಿ ಮರುಜೋಡಿಸಬೇಕಾಗುತ್ತಿತ್ತು, ಫ್ರೆಟ್‌ಗಳ ಮಾತು ಆಮೇಲಿನದು.

ಕೊನೆಯ ಪರೀಕ್ಷೆಯೇ ನನ್ನ ಸಂಶಯವನ್ನು ಪರಿಹರಿಸಿತು. ಮೂರು ಫ್ರೆಟ್‌ಗಳನ್ನು ಒಟ್ಟಿಗೆ ಮುಟ್ಟುವಷ್ಟು ಉದ್ದದ ನೇರ ಅಂಚಿನ ಲೋಹದ ತುಂಡನ್ನು ತಂತಿಗಳ ನಡುವಿನ ಸವೆಯದ ಜಾಗದಲ್ಲಿಟ್ಟರೆ ಅದು ಅಲುಗಲಿಲ್ಲ. ಎರಡನೆಯ ತಂತಿಯ ಹಾದಿಯಲ್ಲಿಟ್ಟರೆ ಮೂರನೆಯ ಮತ್ತು ನಾಲ್ಕನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ ತೂಗಾಡಿತು. ಎಂದರೆ ಯಾವ ಫ್ರೆಟ್ಟೂ ತಾನು ಕೂತ ಸೀಳಿನಿಂದ ಮೇಲೆದ್ದಿರಲಿಲ್ಲ. ಗುಳಿಯೊಳಗೆ ಇಳಿದ ತಂತಿ ಮುಂದಿನ ಎತ್ತರದ ಫ್ರೆಟ್‌ಗೆ ತಗುಲುತ್ತಿತ್ತು.

ಇನ್ನು ಉಳಿದದ್ದು ಲೆಕ್ಕ. ಅಕ್ಕಪಕ್ಕದ ಎರಡು ಫ್ರೆಟ್‌ಗಳ ಮೇಲೆ ಉಕ್ಕಿನ ಪಟ್ಟಿಯನ್ನಿಟ್ಟು, ಪಟ್ಟಿಗೂ ಮರಕ್ಕೂ ನಡುವಿನ ಅಂತರವನ್ನು ಅಳೆದಾಗ ಸವೆಯದ ಜಾಗದಲ್ಲಿ ಎತ್ತರ ಸುಮಾರು 1.05 ಮಿ.ಮೀ. ಸಿಕ್ಕಿತು. ಅತ್ಯಂತ ಆಳವಾದ ಗುಳಿ ಸುಮಾರು 0.3 ಮಿ.ಮೀ. ಇತ್ತು. ಎಲ್ಲ ಫ್ರೆಟ್‌ಗಳನ್ನೂ ಅರೆದು ಸಮ ಮಾಡುವ ಕ್ರಮದಲ್ಲಿ ಇಡೀ ಸಾಲು ಆ ಒಂದು ಗುಳಿಯ ತಳದ ಮಟ್ಟಕ್ಕೆ ಇಳಿಯಬೇಕು. ಮೊದಲ ಮೂರನ್ನು ಮಾತ್ರ ಅರೆದರೆ ನಾಲ್ಕನೆಯದು ಅವುಗಳಿಗಿಂತ ಎತ್ತರವಾಗಿ ಉಳಿದು ಕರಕರ ಸದ್ದು ಅಲ್ಲಿಂದಲೇ ಮುಂದುವರಿಯುತ್ತದೆ. ಇಡೀ ಸಾಲನ್ನು ಇಳಿಸಿದರೆ ಎಲ್ಲೆಡೆ 0.75 ಮಿ.ಮೀ. ಉಳಿಯುತ್ತಿತ್ತು. ಅದರಲ್ಲಿ ನುಡಿಸಬಹುದು, ಆದರೆ ಬೆರಳು ಮರಕ್ಕೆ ತಾಗತೊಡಗುತ್ತದೆ ಮತ್ತು ಮುಂದಿನ ಸವೆತಕ್ಕೆ ಅವಕಾಶ ಬಹಳ ಕಡಿಮೆ. ಮೂರು ಫ್ರೆಟ್‌ಗಳ ಸವೆತಕ್ಕಾಗಿ ಆರೋಗ್ಯವಾಗಿದ್ದ ಉಳಿದೆಲ್ಲವುಗಳ ಆಯುಷ್ಯವನ್ನು ಕಡಿಮೆ ಮಾಡುವುದು ನನಗೆ ನ್ಯಾಯವೆನಿಸಲಿಲ್ಲ. ಗುಳಿಯ ಆಳ 0.1 ಮಿ.ಮೀ. ಇದ್ದಿದ್ದರೆ ಯೋಚಿಸದೆ ಅರೆಯುತ್ತಿದ್ದೆ.

ಆದ್ದರಿಂದ ಮೊದಲ ಮೂರನ್ನು ಮಾತ್ರ ಕಿತ್ತು ಹೊಸದನ್ನು ಕೂರಿಸಿದೆ. ಹಳೆಯವುಗಳಷ್ಟೇ ಅಗಲದ, ಅವುಗಳಿಗಿಂತ ತುಸು ಎತ್ತರದ ನಿಕಲ್ ಸಿಲ್ವರ್ ಫ್ರೆಟ್ ತಂತಿಯನ್ನೇ (ಫ್ರೆಟ್ ಮಾಡುವ ಲೋಹದ ಎಳೆ) ಆರಿಸಿದೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಇದು ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಹೆಚ್ಚು ಬಾಳಿಕೆಯ ಸ್ಟೇನ್‌ಲೆಸ್ ಸ್ಟೀಲ್ ಇದೆಯಾದರೂ ಮೂರು ಗಟ್ಟಿ ಫ್ರೆಟ್‌ಗಳು ಮತ್ತು ಅವುಗಳ ಪಕ್ಕದ ಮೃದು ಫ್ರೆಟ್‌ಗಳು ಬೇರೆ ಬೇರೆ ವೇಗದಲ್ಲಿ ಸವೆದು ಇದೇ ಸಮಸ್ಯೆ ಮತ್ತೆ ಹುಟ್ಟುತ್ತದೆ.

ಕೀಳುವ ಕೆಲಸಕ್ಕೆ ಅವಸರ ಸಲ್ಲದು. ಪ್ರತಿ ಫ್ರೆಟ್ಟನ್ನೂ ಬೆಸುಗೆ ಕಡ್ಡಿಯಿಂದ ಬಿಸಿ ಮಾಡಿ, ಅಂಚು ಚಪ್ಪಟೆಯಾದ ಇಕ್ಕಳದಿಂದ ಒಂದು ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಎತ್ತುತ್ತ ಹೋದೆ. ಫ್ರೆಟ್‌ಗಳು ಕೂತ ಹಲಗೆಯಾದ ಫ್ರೆಟ್‌ಬೋರ್ಡಿನ ಬೀಟೆ ಮರದ ಸಣ್ಣ ಚಕ್ಕೆಗಳು ಎದ್ದ ಕಡೆ ಅವನ್ನು ಸ್ವಸ್ಥಾನದಲ್ಲಿಯೇ ಸೂಪರ್ ಗ್ಲೂನಿಂದ ಅಂಟಿಸಿದೆ. ಹೊಸ ಫ್ರೆಟ್ ತಂತಿಯನ್ನು ಫ್ರೆಟ್‌ಬೋರ್ಡಿನ ಬಾಗಿಗಿಂತ ತುಸು ಹೆಚ್ಚಾಗಿ ಬಗ್ಗಿಸಿ, ಮೊದಲು ಎರಡು ತುದಿಗಳನ್ನು, ಆಮೇಲೆ ನಡುವನ್ನು ಬಡಿದು ಕೂರಿಸಿದರೆ ತುದಿಗಳು ಮೇಲೇಳುವುದಿಲ್ಲ. ನಂತರ ಹೊಸ ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಮಸಿ ಹಚ್ಚಿ, ನಾಲ್ಕನೆಯ ಫ್ರೆಟ್‌ನ ಮಟ್ಟಕ್ಕೆ ಬರುವವರೆಗೆ ಅವುಗಳನ್ನು ಮಾತ್ರ ಅರೆದೆ. ಚಪ್ಪಟೆಯಾದ ನೆತ್ತಿಯನ್ನು ಮತ್ತೆ ಗುಂಡಗೆ ಮಾಡುವುದನ್ನು ಕೈಬಿಡಬಾರದು. ನೆತ್ತಿ ಚಪ್ಪಟೆಯಾಗಿದ್ದರೆ ತಂತಿ ಸ್ಯಾಡಲ್ (ಬ್ರಿಡ್ಜ್‌ನ ಮೇಲೆ ತಂತಿಗಳನ್ನು ಹೊರುವ ಪಟ್ಟಿ) ಕಡೆಯ ಅಂಚಿನಿಂದ ಕಂಪಿಸತೊಡಗಿ ಸ್ವರ ತುಸು ಏರುತ್ತದೆ.

ಈ ಕ್ರಮದಲ್ಲಿ ಇನ್ನೊಂದು ಅನುಕೂಲವೂ ಇತ್ತು. ಎಲ್ಲ ಫ್ರೆಟ್‌ಗಳನ್ನೂ ಇಳಿಸಿದ್ದರೆ ತಂತಿಗಳು ಅವುಗಳಿಂದ ಅಷ್ಟೇ ದೂರವಾಗಿ, ನಟ್‌ನ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳನ್ನು ಹೊರುವ ತುಂಡಿನ) ಕಚ್ಚುಗಳನ್ನೂ ಸ್ಯಾಡಲನ್ನೂ ತಗ್ಗಿಸಬೇಕಾಗುತ್ತಿತ್ತು. ಹೊಸ ಫ್ರೆಟ್‌ಗಳು ಮೂಲ ಎತ್ತರಕ್ಕೇ ಬಂದುದರಿಂದ ಎರಡನ್ನೂ ಮುಟ್ಟಬೇಕಾಗಲಿಲ್ಲ. ಪ್ರತಿ ತಂತಿಯನ್ನೂ ಮೂರನೆಯ ಫ್ರೆಟ್‌ನಲ್ಲಿ ಒತ್ತಿ ನೋಡಿದಾಗ ಮೊದಲನೆಯ ಫ್ರೆಟ್‌ನ ಮೇಲೆ ಕಾಗದದಷ್ಟು ಅಂತರ ಉಳಿದಿತ್ತು. ಈಗ ತಂತಿ ಬದಲಿಸುವಾಗಲೆಲ್ಲ ನಾಲ್ಕನೆಯ ಮತ್ತು ಐದನೆಯ ಫ್ರೆಟ್‌ಗಳ ಗುಳಿಯನ್ನು ಅಳೆದು ಬರೆದಿಡುತ್ತಿದ್ದೇನೆ. ಅವೂ ಇದೇ ಆಳಕ್ಕೆ ಸವೆದಾಗ ತೇಪೆ ಹಾಕುವುದನ್ನು ನಿಲ್ಲಿಸಿ ಇಡೀ ಸಾಲನ್ನು ಬದಲಿಸುತ್ತೇನೆ, ಆಗ ಸ್ಟೇನ್‌ಲೆಸ್ ಸ್ಟೀಲಿಗೆ ನನ್ನ ಯಾವ ಆಕ್ಷೇಪವೂ ಇರುವುದಿಲ್ಲ.