ಪಾಪನಿವೇದನೆಗೆ ನಾನು ತಯಾರಾಗುವ ಬಗೆ

ಪಾಪನಿವೇದನೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿ ಕ್ಷಮೆ ಪಡೆಯುವುದು, ನಮ್ಮ ಕಥೋಲಿಕರಲ್ಲಿ ಅರ್ಧ ಜನಕ್ಕೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕೆಲಸ. ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ, ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆಗೆ ಬರುತ್ತಾರೆ, ಪವಿತ್ರ ವಾರ ಬಂದಾಗ ಎಲ್ಲರೂ ಒಟ್ಟಿಗೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ನೂಕಿನಲ್ಲಿ ಹೇಳುವವರಿಗೂ ಅವಸರ, ಕೇಳುವ ಫಾದರ್‌ಗೂ ದಣಿವು. ವರ್ಷಕ್ಕೆ ಒಂದು ಸಲವಾದರೂ ಹೇಳಬೇಕು ಅನ್ನುವ ನಿಯಮ ಧರ್ಮಸಭೆಯ 1215ರ ಲ್ಯಾಟರನ್ ಮಹಾಸಭೆಯದು. ಅದು ಕನಿಷ್ಠ ಅಷ್ಟೆ. ನಾನು ತಿಂಗಳಿಗೊಮ್ಮೆ, ಮೊದಲ ಶುಕ್ರವಾರದ ಹಿಂದೆಮುಂದೆ ಹೋಗುತ್ತೇನೆ. ಅದೂ ವಾರದ ದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ. ಬಿಸಿಲೇರಿದ ಮೇಲೆ ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿನ ಆ ಜೋಡಿ ಗೋಪುರ ನೋಡೋಕೆ ಟೂರಿಸ್ಟ್ ಬಸ್ಸುಗಳು ಬರುತ್ತವೆ. ಒಳಗೆ ಕೂತು ಮನಸ್ಸು ನಿಲ್ಲಿಸುವುದು ಕಷ್ಟ.

ನಾನು ಇರುವುದು ಎನ್.ಆರ್. ಮೊಹಲ್ಲಾ ಕಡೆ. ಹೆಂಗಸರ ಬಟ್ಟೆ ಹೊಲಿಯುವ ಚಿಕ್ಕ ಅಂಗಡಿ ಇಟ್ಟಿದ್ದೇನೆ. ಇದನ್ನು ಹೇಳುವುದಕ್ಕೆ ಕಾರಣ ಇದೆ. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಬೇಕಲ್ಲ, ಅದಕ್ಕೆ ಪ್ರಾರ್ಥನಾ ಪುಸ್ತಕದಲ್ಲಿ ಹತ್ತು ಆಜ್ಞೆಗಳ ಪ್ರಕಾರ ಪ್ರಶ್ನೆಗಳಿರುತ್ತವೆ. ಕೊಲೆ ಮಾಡಿದೆಯಾ? ಇಲ್ಲ. ಕಳ್ಳತನ ಮಾಡಿದೆಯಾ? ಇಲ್ಲ. ಸುಳ್ಳು ಸಾಕ್ಷಿ? ಕೋರ್ಟಿನ ಮೆಟ್ಟಿಲೇ ಹತ್ತಿಲ್ಲ. ಹೀಗೆ ಓದುತ್ತಾ ಹೋದರೆ ಪುಸ್ತಕ ಮುಗಿಯುವಷ್ಟರಲ್ಲಿ ನಾನೇ ಸಂತಳಾಗಿರುತ್ತೇನೆ! ಕೊನೆಗೆ "ಕೋಪ ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ" ಅಂತ ಎರಡು ಮಾತು ಹೇಳಿ ಎದ್ದು ಬರುವುದು.

ಆ ಪ್ರಶ್ನೆಗಳನ್ನು ಅಂಗಡಿಗೆ ತಂದು ಕೇಳಿಕೊಂಡಾಗ ಮಾತ್ರ ನನಗೆ ಬೆವರು ಬಂತು. ಬಟ್ಟೆಗೆ ಇನ್ನೂ ಕತ್ತರಿಯೇ ಹಾಕಿಲ್ಲ ಅಂತ ಗೊತ್ತಿದ್ದೂ "ನಾಳೆ ಸಂಜೆ ಬನ್ನಿ ಅಕ್ಕ, ರೆಡಿ ಇರುತ್ತೆ" ಅಂದದ್ದು ಏನು? ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಒಳ್ಳೆ ಅಗಲದ ತುಂಡು ಉಳಿದಾಗ ಅದು ಯಾರದು? ಉಳಿದದ್ದು ಹೊಲಿದವರಿಗೆ ಅನ್ನುವುದು ನಮ್ಮ ಕಸುಬಿನ ರೂಢಿ, ಯಾರೂ ಕೇಳಲ್ಲ. ಆದರೆ ರೇಷ್ಮೆ ತುಂಡು ಸಿಕ್ಕಾಗ ನಾನು ಕತ್ತರಿಸುವ ಮುಂಚೆಯೇ ಅದರ ಲೆಕ್ಕ ಹಾಕಿರುತ್ತಿದ್ದೆ. ಅದಕ್ಕೆ ಹೆಸರು ಕಳ್ಳತನ, ಬೇರೆ ಏನೂ ಅಲ್ಲ. ಡ್ರೈವರ್‌ಗೆ, ಮೇಷ್ಟ್ರಿಗೆ, ಮನೆಗೆಲಸದವರಿಗೆ, ಬಡ್ಡಿಗೆ ಕೊಡುವವರಿಗೆ ಅವರವರ ಪ್ರಶ್ನೆಗಳೇ ಬೇರೆ ಇರುತ್ತವೆ. ಅದನ್ನು ಅವರೇ ಬರೆದುಕೊಳ್ಳಬೇಕು. ನಾನು ಹಿಂದಿನ ರಾತ್ರಿ ಒಂದು ಚೀಟಿಯಲ್ಲಿ ಬರೆಯುತ್ತೇನೆ, ಹೇಳಿ ಬಂದ ಮೇಲೆ ಒಲೆಗೆ ಹಾಕುತ್ತೇನೆ.

ಹೇಳುವಾಗ ಚಿಕ್ಕದಾಗಿ ಹೇಳಬೇಕು. ಇದು ಕಲಿಯೋಕೆ ನನಗೆ ಜಾಸ್ತಿ ಸಮಯ ಹಿಡಿಯಿತು. "ಫಾದರ್, ನಮ್ಮ ಮನೆಯವರು ಹಾಗಂದರು, ಅದಕ್ಕೆ ನಾನು ಹೀಗಂದೆ" ಅಂತ ಶುರು ಮಾಡಿದರೆ ಅಲ್ಲಿ ನಿವೇದನೆ ಆಗುವುದು ಗಂಡನ ಪಾಪ. ನಾನು ಏನು ಮಾಡಿದೆ, ಸುಮಾರು ಎಷ್ಟು ಸಲ, ಅಷ್ಟು ಸಾಕು. ಬೇರೆಯವರ ಹೆಸರು ಬೇಡ, ಕಾರಣವೂ ಬೇಡ. ಬೇಕಿದ್ದರೆ ಫಾದರ್ ಕೇಳುತ್ತಾರೆ.

ಎಷ್ಟೋ ಜನಕ್ಕೆ ಪರಿಚಯದ ಫಾದರ್ ಹತ್ತಿರ ಹೇಳೋಕೆ ನಾಚಿಕೆ. ದೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಜೂನ್ 13ಕ್ಕೆ ಹೋಗಿ ಅಲ್ಲಿ ಗುರುತಿಲ್ಲದವರ ಹತ್ತಿರ ಹೇಳಿ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಜಾಲರಿಯ ಹಿಂದೆ ಕೂತು ಹೇಳಬಹುದು, ಮುಖ ನೋಡಿಯೂ ಹೇಳಬಹುದು. 1973ರ ಹೊಸ ವಿಧಿ ಬಂದ ಮೇಲೆ ಎರಡೂ ಉಂಟು. ಕೇಳಿದ್ದನ್ನು ಹೊರಗೆ ಬಿಟ್ಟುಕೊಟ್ಟ ಗುರುಗಳು ಆ ಕ್ಷಣವೇ ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾಗುತ್ತಾರೆ, ಕಾನೂನು ಅಷ್ಟು ಬಿಗಿ. (ಆ ಗುಟ್ಟಿನ ಕಟ್ಟು ಅವರಿಗೆ ಮಾತ್ರ, ನನಗಲ್ಲ. ಅದಕ್ಕೇ ಇದನ್ನೆಲ್ಲ ಬರೆಯುತ್ತಿದ್ದೇನೆ.) ಆದರೂ ಒಬ್ಬರೇ ಗುರುಗಳ ಹತ್ತಿರ ಹೋಗುವುದು ಒಳ್ಳೆಯದು ಅಂತ ನನಗನಿಸುತ್ತೆ. ಹಳೇ ರೋಗಿಯನ್ನು ಬಲ್ಲ ಡಾಕ್ಟರ್ ಥರ, ನಾವು ಎಲ್ಲಿ ತಪ್ಪಿಸಿಕೊಳ್ಳುತ್ತೇವೆ ಅನ್ನುವುದು ಅವರಿಗೆ ಬೇಗ ತಿಳಿಯುತ್ತೆ.

ಪಕ್ಕದ ಮನೆಯವರು ಒಂದು ಸಲ ಕೇಳಿದರು: "ಏನು ಬೇಕಾದ್ರೂ ಮಾಡಿ, ಹೋಗಿ ಹೇಳಿಬಿಟ್ರೆ ಆಯ್ತು ಅಲ್ವಾ ನಿಮ್ಮಲ್ಲಿ?" ಆಗಲ್ಲ. ಲೂಕನ ಸುವಾರ್ತೆಯಲ್ಲಿ ಸುಂಕ ವಸೂಲಿ ಮಾಡುವ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನೆ. ನನ್ನ ತುಂಡು ಬಟ್ಟೆಯ ವಿಷಯಕ್ಕೂ ಫಾದರ್ ಅದನ್ನೇ ಹೇಳಿದರು. ಯಾರದು ಅಂತ ಗೊತ್ತಿರುವುದನ್ನು ವಾಪಸ್ ಕೊಡಿ, ಗೊತ್ತಿಲ್ಲದ್ದು ಬಡವರಿಗೆ ಸೇರಬೇಕು. ಮೂಟೆ ಬಿಚ್ಚಿ, ದೊಡ್ಡ ತುಂಡುಗಳಲ್ಲಿ ಮಕ್ಕಳ ಫ್ರಾಕು, ಚಿಕ್ಕದರಲ್ಲಿ ದಿಂಬಿನ ಕವರು ಹೊಲಿದು ಒಂದು ಆಶ್ರಮಕ್ಕೆ ಕೊಟ್ಟೆ. ಈಗ ಉಳಿದ ತುಂಡನ್ನು ಹೊಲಿದ ಬಟ್ಟೆಗೇ ಪಿನ್ ಹಾಕಿ ಕೊಡುತ್ತೇನೆ. "ಇದ್ಯಾಕಮ್ಮ, ನೀವೇ ಇಟ್ಕೊಳ್ಳಿ" ಅನ್ನುವವರೇ ಜಾಸ್ತಿ. ಅವರು ಅಂದ ಮೇಲೆ ಇಟ್ಟುಕೊಂಡರೆ ಅದರ ಮಾತು ಬೇರೆ.

ಸಿ.ಎಸ್.ಐ. ಅನ್ನುವ ಪ್ರೊಟೆಸ್ಟೆಂಟ್ ಸಭೆಯ ಗೆಳತಿಯೊಬ್ಬಳದು ಇನ್ನೊಂದು ಪ್ರಶ್ನೆ: ದೇವರಿಗೇ ನೇರ ಹೇಳಬಾರದಾ? ಹೇಳಬೇಕು, ದಿನಾ ರಾತ್ರಿ ಹೇಳುತ್ತೇನೆ. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ಅವರು ಕ್ಷಮಿಸುತ್ತಾರೆ ಅಂತ ಯೊವಾನ್ನನ ಮೊದಲ ಪತ್ರದಲ್ಲೇ ಇದೆ. ಆದರೆ ನಾನೇ ಹೇಳಿ ನಾನೇ ಕೇಳಿಸಿಕೊಂಡಾಗ ನನಗೆ ನಾನೇ ರಿಯಾಯಿತಿ ಕೊಟ್ಟುಕೊಳ್ಳುತ್ತೇನೆ. "ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ" ಅಂತ ಕ್ರಿಸ್ತನ ಹೆಸರಲ್ಲಿ ಇನ್ನೊಬ್ಬರು ಹೇಳಿದ್ದು ಕಿವಿಗೆ ಬಿದ್ದರೆ, ಆಮೇಲೆ ವಾದ ಮಾಡೋಕೆ ಜಾಗ ಇರಲ್ಲ.

ಆದರೂ ನಾನು ವಾದ ಮಾಡಿದೆ. ಮನೆ ಭಾಗವಾದಾಗ ನನ್ನ ಓರಗಿತ್ತಿಯ ಬಗ್ಗೆ ನೆಂಟರ ಹತ್ತಿರ ಆಡಬಾರದ ಮಾತು ಆಡಿದ್ದೆ. ಅದನ್ನು ನಿವೇದಿಸಿದೆ, ಕ್ಷಮೆಯೂ ಸಿಕ್ಕಿತು. ಆದರೆ ಸಮಾಧಾನ ಇಲ್ಲ. ಮುಂದಿನ ಸಲವೂ ಅದನ್ನೇ ಹೇಳಿದೆ, ಅದರ ಮುಂದಿನ ಸಲವೂ. ನನ್ನ ಪಶ್ಚಾತ್ತಾಪ ಅಷ್ಟು ದೊಡ್ಡದು ಅಂದುಕೊಂಡಿದ್ದೆ. ಕೊನೆಗೆ ಫಾದರ್ ಕೇಳಿದರು, "ಇದನ್ನು ಹಿಂದೆ ಹೇಳಿದ್ದೀರಾ?" ಹೌದು ಅಂದೆ. "ಹಾಗಾದರೆ ಅದು ಮುಗಿದಿದೆ, ಮತ್ತೆ ಇಲ್ಲಿಗೆ ತರಬೇಡಿ. ಆಕೆಯ ಹತ್ತಿರ ಹೋಗಿದ್ದೀರಾ?"

ಹೋಗಿರಲಿಲ್ಲ. ದೇವರ ಹತ್ತಿರ ಹೋಗುವುದು ಸುಲಭವಾಗಿತ್ತು, ಅದಕ್ಕೇ ಅಲ್ಲಿಗೇ ಮತ್ತೆ ಮತ್ತೆ ಹೋಗುತ್ತಿದ್ದೆ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸೋದರನ ಜೊತೆ ರಾಜಿಯಾಗು ಅನ್ನುವ ಯೇಸುವಿನ ಮಾತನ್ನು ಎಷ್ಟು ಸಲ ಕೇಳಿದ್ದೇನೋ! ಅದರಲ್ಲಿ ಓರಗಿತ್ತಿಯೂ ಸೇರುತ್ತಾಳೆ ಅಂತ ತಲೆಗೆ ಹೋಗಿರಲಿಲ್ಲ.

ಕ್ರಿಸ್ಮಸ್‌ಗೆ ಕಲ್ಕಲ್ ಸಿಹಿತಿಂಡಿ ಮಾಡಿ ಡಬ್ಬಿ ತುಂಬಿಸಿಕೊಂಡು ಹೋದೆ. ಬಾಗಿಲಲ್ಲೇ ಹೇಳಿದೆ, "ನಿನ್ನ ಬಗ್ಗೆ ಕೆಟ್ಟದಾಗಿ ಮಾತಾಡಿದ್ದೆ ಕಣೇ, ತಪ್ಪಾಯ್ತು." ಅವಳು "ಗೊತ್ತು" ಅಂದಳು. ಒಳಗೆ ಕರೆಯಲಿಲ್ಲ, ಡಬ್ಬಿ ಮಾತ್ರ ತಗೊಂಡಳು. ನೆಂಟರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿ ನಾನು ಹೇಳಿದ್ದು ಸುಳ್ಳು ಅಂದೆ. ನಿಜವಾದ ಪ್ರಾಯಶ್ಚಿತ್ತ ಅದೇ ಆಯಿತು. ಅದಾದ ಮೇಲೆ ಆ ಪಾಪವನ್ನು ಮತ್ತೆ ಚೀಟಿಯಲ್ಲಿ ಬರೆದಿಲ್ಲ. ಓರಗಿತ್ತಿ ಕ್ಷಮಿಸಿದ್ದಾಳಾ ಅಂತ ನಾನು ಕೇಳಿಲ್ಲ, ಅದು ಅವಳಿಗೆ ಬಿಟ್ಟದ್ದು. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ. ನಮ್ಮ ಕಡೆ ಖಾಲಿ ಡಬ್ಬಿ ಕಳಿಸುವ ಪದ್ಧತಿ ಇಲ್ಲ, ಅದಕ್ಕೂ ತಡವಾಗಿರಬಹುದು.