ಮೂರನೇ ಪೆಟ್ಟಿಗೆಗೆ ಬಂದ ಮಡಿವಾಳ ಹಕ್ಕಿ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಹಳೇ ಹಂಚಿನ ಮನೆ ತೆಗೆದು ತಾರಸಿ ಮನೆ ಕಟ್ಟಿಸಿದೆವು. ಮೊದಲ ಬೇಸಿಗೆಯಲ್ಲೇ ಆಯಿ ಕೇಳಿದಳು, "ಮಡಿವಾಳ ಹಕ್ಕಿ ಎಲ್ಲಿ ಹೋಯ್ತೋ?" ನನಗೆ ಉತ್ತರ ಗೊತ್ತಿತ್ತು. ಹಳೇ ಬಚ್ಚಲಿನ ಚಿರೆಕಲ್ಲು ಗೋಡೆಯಲ್ಲಿ ಒಂದು ತೂತು ಇತ್ತು, ಪ್ರತಿ ವರ್ಷ ಅಲ್ಲೇ ಅದರ ಗೂಡು. ಹೊಸ ಗೋಡೆಯಲ್ಲಿ ಬೆರಳು ತೂರಿಸಲೂ ಜಾಗ ಇಲ್ಲ. ಕುಟ್ರು ಹಕ್ಕಿ, ಮರಕುಟಿಗ ತಾವೇ ಮರ ಕೊರೆದುಕೊಳ್ಳುತ್ತವೆ. ಮಡಿವಾಳ, ಗುಬ್ಬಚ್ಚಿ, ಗೊರವಂಕಗಳಿಗೆ ಆ ಶಕ್ತಿ ಇಲ್ಲ, ಯಾರೋ ಮಾಡಿಟ್ಟ ಪೊಟರೆಯೋ ಗೋಡೆಯ ಸಂದಿಯೋ ಸಿಕ್ಕಬೇಕು.

ಅದಕ್ಕೆ ಗೂಡು ಕಟ್ಟಲು ಮೊದಲು ಪೇಟೆಯಿಂದ ಒಂದು ಪೆಟ್ಟಿಗೆ ತಂದೆ. ಪ್ಲೈವುಡ್‌ನದು, ಚೆಂದದ ಬಣ್ಣ, ಮುಂದೆ ಕೂರಲು ಒಂದು ಕಡ್ಡಿ. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜುಲೈ ಹೊತ್ತಿಗೆ ಪ್ಲೈವುಡ್ ಉಬ್ಬಿ ಪದರು ಪದರಾಗಿ ಎದ್ದಿತ್ತು. ಆ ಕಡ್ಡಿಯೂ ಬೇಕಿಲ್ಲ. ಪೊಟರೆಯ ಹಕ್ಕಿ ನೇರ ತೂತಿನ ಅಂಚಿಗೇ ಬಂದು ಹಿಡಿಯುತ್ತದೆ. ಕಡ್ಡಿ ಇದ್ದರೆ ಅನುಕೂಲ ಆಗುವುದು ಕಾಗೆಗೆ.

ಎರಡನೆಯದನ್ನು ಹಲಸಿನ ಹಲಗೆಯಲ್ಲಿ ಮಾಡಿದೆ. ಮರ ಸರಿಯಾಗಿತ್ತು, ಆದರೆ ತೂತು 6 ಸೆಂಟಿಮೀಟರ್ ಕೊರೆದು, ಪಡುವಣ ಗೋಡೆಗೆ ನೇತು ಹಾಕಿಬಿಟ್ಟೆ. ಗೊರವಂಕ ಬಂತು. ಗೊರವಂಕವೂ ನಮ್ಮ ನೆಲದ್ದೇ ಹಕ್ಕಿ, ಓಡಿಸುವ ಮನಸ್ಸು ಬರಲಿಲ್ಲ. ಮರಿಗಳು ಹಾರಿಹೋದವು. ಆಮೇಲೆ ಮಳೆ ಹಿಡಿದಾಗ ಸಮುದ್ರದ ಕಡೆಯ ಗಾಳಿಗೆ ಇರಚಲು ನೇರ ಒಳಗೆ ಹೊಡೆದು, ಪೆಟ್ಟಿಗೆಯ ತಳ ನೀರಲ್ಲಿ ನೆನೆದ ಬಟ್ಟೆಯ ಹಾಗಾಗಿತ್ತು. ಮರಿಗಳು ಒಳಗಿರುವಾಗಲೇ ಮಳೆ ಬಂದಿದ್ದರೆ ಅಂತ ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದಕ್ಕೆ ನಮ್ಮ ಬಡಗಿ ಆಚಾರರ ಹತ್ತಿರ ಕೂತು ಲೆಕ್ಕ ಹಾಕಿದೆ. "ಒಳಗಡೆ ಉಜ್ಜು ಹೊಡೀಬೇಡಿ ಆಚಾರ್ರೇ, ಒರಟಾಗೇ ಇರಲಿ" ಅಂದಾಗ ಅವರಿಗೆ ಸಮಾಧಾನ ಆಗಲಿಲ್ಲ. ಕಾರಣ ಹೇಳಿದೆ, ಮರಿಗಳು ಉಗುರು ಊರಿ ಹತ್ತಿ ಬರಬೇಕಲ್ವಾ? ನುಣುಪಾದ ಹಲಗೆಯಲ್ಲಿ ಜಾರುತ್ತವೆ. ಹಲಗೆ 2 ಸೆಂಟಿಮೀಟರ್ ದಪ್ಪ, ಬಿಸಿಲಿನ ಕಾವು ಒಳಗೆ ಇಳಿಯಬಾರದು ಅಂತ. ತಳ 15ಕ್ಕೆ 15, ಮುಂದೆ 25 ಎತ್ತರ, ಹಿಂದೆ 30, ಆಗ ಮಾಡು ತಾನೇ ಇಳಿಜಾರಾಗುತ್ತದೆ. ತೂತು 4.5 ಸೆಂಟಿಮೀಟರ್, ತಳದಿಂದ 15 ಮೇಲೆ. ತೂತು ಕೆಳಗಿದ್ದರೆ ಬೆಕ್ಕು ಕೈ ಹಾಕಿ ಮರಿ ಎಳೆಯುತ್ತದೆ. ಮಾಡು ಮುಂದಕ್ಕೆ 10 ಸೆಂಟಿಮೀಟರ್ ಚಾಚಿರಬೇಕು. ಅದರ ಮೇಲೆ ನಮ್ಮ ಹಳೇ ಮನೆಯದೇ ಒಂದು ಹಂಚು ಇಟ್ಟೆ. ತಳಕ್ಕೆ 6 ಮಿಲಿಮೀಟರಿನ ನಾಲ್ಕು ತೂತು, ಮಾಡಿನ ಕೆಳಗೆ ಗಾಳಿಗೆ ಸಂದಿ. ಒಂದು ಬದಿಗೆ ತೆರೆಯುವ ಬಾಗಿಲು, ತೊಳೆಯೋಕೆ. ಒಳಗೆ ಬಣ್ಣ, ವಾರ್ನಿಶ್ ಯಾವುದೂ ಇಲ್ಲ. ಇಲ್ಲಿನ ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ಒಂದೇ ವರ್ಷದಲ್ಲಿ ತುಕ್ಕು ತಿನ್ನುತ್ತದೆ, ಹಿತ್ತಾಳೆ ತಿರುಪೇ ಬಳಸಿದೆ.

ಮೂಡಣ ಗೋಡೆಯಲ್ಲಿ, ಸಜ್ಜಾದ ಕೆಳಗೆ, ನೆಲದಿಂದ ಎರಡೂವರೆ ಮೀಟರ್ ಎತ್ತರದಲ್ಲಿ ಹಾಕಿದೆ. ಬೆಳಗಿನ ಬಿಸಿಲು ಮಾತ್ರ ಬೀಳುತ್ತದೆ. ಮಾವಿನ ಮರಕ್ಕೇ ಕಟ್ಟೋಣ ಅಂದುಕೊಂಡಿದ್ದೆ, ಆದರೆ ಅದರ ತುಂಬ ಚಗಳಿ, ಅಂದರೆ ಕಚ್ಚುವ ಕೆಂಪು ಇರುವೆ. ಡಿಸೆಂಬರ್‌ನಲ್ಲೇ ಹಾಕಿದ್ದು ಒಳ್ಳೆಯದಾಯ್ತು. ಮಾರ್ಚ್ 20ರಂದು ಗುಬ್ಬಚ್ಚಿ ದಿನ ಅಂತ ಎಷ್ಟೋ ಜನ ಪೆಟ್ಟಿಗೆ ತೂಗುತ್ತಾರೆ, ಅಷ್ಟು ಹೊತ್ತಿಗೆ ಹಕ್ಕಿಗಳು ಜಾಗ ಹುಡುಕಿ ಮುಗಿಸುವ ಹಂತದಲ್ಲಿರುತ್ತವೆ.

ಮಾರ್ಚ್ ಕೊನೆಗೆ ಗಂಡು ಮಡಿವಾಳ ತೆಂಗಿನ ಗರಿಯ ಮೇಲೆ ಕೂತು ಬೆಳಿಗ್ಗೆ ಐದೂವರೆಗೇ ಹಾಡಲು ಶುರು ಮಾಡಿತು. ಬೂದು ಮೈಯ ಹೆಣ್ಣು ಬೇರು, ಒಣ ಹುಲ್ಲು ತಂದು ಒಳಗೆ ಜೋಡಿಸಿತು. ನಾನು ಹತ್ತಿರ ಹೋಗಲಿಲ್ಲ. ಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡುವುದು 1972ರ ವನ್ಯಜೀವಿ ಕಾಯ್ದೆಯಲ್ಲೂ ತಪ್ಪು. ಅಡುಗೆಮನೆ ಕಿಟಕಿಯಿಂದ ನೋಡಿದ್ದಷ್ಟೇ. ಮೊಟ್ಟೆಗೆ ಕಾವು ಕೊಡಲು ಎರಡು ವಾರ, ಮರಿ ಬೆಳೆದು ಹಾರಲು ಇನ್ನೆರಡು ವಾರ. ಮೇ ಮೊದಲ ವಾರ ಮೂರು ಮರಿಗಳು ಹೊರಬಂದವು. ಆಯಿ ದೋಸೆ ಹೊಯ್ಯುವುದು ಬಿಟ್ಟು ಕಿಟಕಿ ಹತ್ತಿರವೇ ನಿಂತುಬಿಟ್ಟಳು. ಮರಿ ಹಾರಿದ ಮೇಲೆ ಹಳೇ ಗೂಡು ತೆಗೆದು, ಬಿಸಿನೀರಲ್ಲಿ ತೊಳೆದು, ಬಿಸಿಲಿಗಿಟ್ಟೆ.

ಎಲ್ಲ ಹಕ್ಕಿಗೂ ಪೆಟ್ಟಿಗೆ ಸಾಲದು. ಕುಟ್ರುವಿಗೆ ಬೇಕಾಗಿರುವುದು ತಾನೇ ಕೊರೆಯಬಹುದಾದ ಒಣಗಿದ ಮೆತ್ತನೆ ಮರ. ಶಿರಸಿಯಲ್ಲಿ ಅಕ್ಕನ ತೋಟದಲ್ಲಿ ಸತ್ತ ಅಡಿಕೆ ಮರಗಳನ್ನು ಸೀಳಿ ದಬ್ಬೆ ಮಾಡೋಕೆ ಅಂತ ಕಡಿಸುತ್ತಿದ್ದರು. "ಮನೆಯಿಂದ ದೂರ ಇರೋ ಎರಡನ್ನ ಬಿಟ್ಬಿಡಿ ಭಾವ" ಎಂದು ಕೇಳಿಕೊಂಡೆ. ಈಗ ಒಂದರಲ್ಲಿ ಕುಟ್ರುವಿನ ದುಂಡನೆ ಬಾಯಿ ಕಾಣುತ್ತದೆ. ನಮ್ಮ ಹಿತ್ತಿಲಿನ ನುಗ್ಗೆಯ ಒಣ ಕೊಂಬೆಯನ್ನೂ ಈ ಸಲ ಕಡಿಯಲಿಲ್ಲ.

ಗುಬ್ಬಚ್ಚಿಗೆ 3.2 ಸೆಂಟಿಮೀಟರ್ ತೂತಿನ ಎರಡು ಪೆಟ್ಟಿಗೆ ಆಚಾರರ ಹತ್ತಿರ ತಯಾರಾಗುತ್ತಿವೆ. ಪೇಟೆಯ ಕಿರಾಣಿ ಅಂಗಡಿಯವರು ತಮ್ಮ ಜಗಲಿ ಮಾಡಿನ ಕೆಳಗೆ ತೂಗಲು ಒಪ್ಪಿದ್ದಾರೆ. ಅಕ್ಕಿ ಚೀಲ ಬಿಚ್ಚುವ ಜಾಗ ಅದು, ಗುಬ್ಬಚ್ಚಿಗಳು ಈಗಲೂ ಅಲ್ಲಿ ಕಾಳು ಹೆಕ್ಕಲು ಬರುತ್ತವೆ.