ಮಿಯಾಟಾದ ಟೈಮಿಂಗ್ ಬೆಲ್ಟ್ ನಾನೇ ಬದಲಾಯಿಸಿದೆ

ನನ್ನದು ಮಜ್ದಾ ಮಿಯಾಟಾ, 1994ರ ಮಾಡೆಲ್, 1.8 ಲೀಟರ್ ಎಂಜಿನ್. ಪಿಸ್ಟನ್ನುಗಳು ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವುಗಳನ್ನು ತೆರೆಯುವ ದಂಡ ಕ್ಯಾಮ್; ಇವೆರಡನ್ನೂ ಹೊಂದಿಕೆಯಲ್ಲಿ ತಿರುಗಿಸುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. ಇದರ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ, ಅಂದರೆ ಸುಮಾರು 96,000 ಕಿ.ಮೀ.ಗೆ ಬದಲಾಯಿಸಬೇಕು. ಹಳೇ ಮಾಲೀಕರು ಯಾವಾಗ ಹಾಕಿಸಿದ್ದರೋ, ಯಾವ ದಾಖಲೆಯೂ ಇರಲಿಲ್ಲ. ಈ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ಪಿಸ್ಟನ್ ವಾಲ್ವಿಗೆ ಬಡಿಯುವುದಿಲ್ಲ, ಗಾಡಿ ನಿಲ್ಲುತ್ತದೆ ಅಷ್ಟೇ. ಆದರೆ ಎಲ್ಲಿ ನಿಲ್ಲುತ್ತದೆ ಅನ್ನೋದು ನಮ್ಮ ಕೈಯಲ್ಲಿಲ್ಲ, ಅಲ್ವಾ?

ಬಿಚ್ಚುವುದು ಕಷ್ಟದ ಕೆಲಸವಲ್ಲ. ಎಂಜಿನ್ ಉದ್ದಕ್ಕೆ ಕೂತಿರುವುದರಿಂದ ಬೆಲ್ಟ್ ನೇರ ರೇಡಿಯೇಟರ್ ಕಡೆಗಿದೆ, ಕೈ ಆಡಿಸಲು ಜಾಗ ಸಿಗುತ್ತದೆ. ಕೂಲೆಂಟ್ ಇಳಿಸಿ, ಗಾಳಿ ಹೋಗುವ ಪೈಪು, ಹೊರಗಿನ ಬೆಲ್ಟುಗಳು, ಪುಲ್ಲಿಗಳು, ವಾಲ್ವ್ ಕವರ್, ಟೈಮಿಂಗ್ ಕವರುಗಳು ಎಲ್ಲ ತೆಗೆದೆ. ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿಟ್ಟೆ. ಸಿಲಿಂಡರಿನಲ್ಲಿ ಒತ್ತಡ ಇಲ್ಲದಿದ್ದರೆ ಎಂಜಿನ್ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ, ಟೈಮಿಂಗ್ ಹೊಂದಿಸುವ ಮಾರ್ಕಿನ ಮೇಲೆ ಸರಿಯಾಗಿ ನಿಲ್ಲಿಸಬಹುದು.

ಇಷ್ಟೆಲ್ಲ ಬಿಚ್ಚಿದ ಮೇಲೆ ಬರೀ ಬೆಲ್ಟ್ ಹಾಕಿ ಮುಚ್ಚುವುದು ನನಗೆ ಸರಿ ಕಾಣಲಿಲ್ಲ. ವಾಟರ್ ಪಂಪ್, ಬೆಲ್ಟಿಗೆ ಬಿಗಿ ಕೊಡುವ ಟೆನ್ಷನರ್, ಬೆಲ್ಟಿಗೆ ದಾರಿ ತೋರುವ ಐಡ್ಲರ್ ರಾಟೆ, ಎಣ್ಣೆ ತಡೆಯುವ ಕ್ಯಾಮ್ ಸೀಲುಗಳನ್ನೂ ಹೊಸದು ಹಾಕಿದೆ. ಹಳೇ ಸೀಲಿನಿಂದ ಎಣ್ಣೆ ಸೋರಿದರೆ ಹೊಸ ಬೆಲ್ಟೂ ಹಾಳು.

ಇನ್ನು ಮಾರ್ಕುಗಳ ವಿಷಯ. ನಿಜವಾದ ಕೆಲಸ ಇರುವುದು ಇಲ್ಲೇ. ಎರಡು ಕ್ಯಾಮ್ ಪುಲ್ಲಿಗಳ ಮೇಲೂ 'ಐ' (I), 'ಇ' (E) ಎರಡೂ ಅಕ್ಷರ ಇರುತ್ತವೆ. ಇನ್‌ಟೇಕ್ (ಗಾಳಿ ಒಳಬರುವ) ಕಡೆ 'ಐ', ಎಕ್ಸಾಸ್ಟ್ (ಹೊಗೆ ಹೋಗುವ) ಕಡೆ 'ಇ' ಮೇಲಕ್ಕೆ ಬಂದು ಹಿಂದಿನ ಪ್ಲೇಟಿನ ಗುರುತಿಗೆ ಕೂಡಬೇಕು. ಕೆಳಗೆ ಕ್ರ್ಯಾಂಕಿನ ಗುರುತೂ ಅದರ ಜಾಗದಲ್ಲಿರಬೇಕು. ಕಣ್ಣಂದಾಜಿನಲ್ಲಿ ಒಂದು ಹಲ್ಲು ಆಚೀಚೆ ಆದರೂ ಗೊತ್ತಾಗಲ್ಲ. ಅದಕ್ಕೇ 'ಐ' ಮತ್ತು 'ಇ' ನಡುವೆ ಬೆಲ್ಟಿನ 19 ಹಲ್ಲು ಇವೆಯಾ ಅಂತ ಎಣಿಸಿದೆ. ಹಳೇ ಬೆಲ್ಟ್ ತೆಗೆದ ಕೂಡಲೇ ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತಟ್ಟನೆ ಜರುಗಬಹುದು. ಗಾಬರಿ ಬೇಡ, ಸ್ಪ್ಯಾನರ್ ಹಾಕಿ ವಾಪಸ್ ತಂದರೆ ಆಯಿತು.

ಹೊಸ ಬೆಲ್ಟ್ ಕೂರಿಸುವಾಗ ಟೆನ್ಷನರ್ ಇಲ್ಲದ ಕಡೆ ಸ್ವಲ್ಪವೂ ಸಡಿಲ ಇರಬಾರದು. ಆಮೇಲೆ ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ಒಂದು ಪೂರ್ತಿ ಸುತ್ತು, ಮೇಲೆ ಆರರಲ್ಲಿ ಐದು ಭಾಗ ತಿರುಗಿಸಬೇಕು. ಅಲ್ಲಿ ಟೆನ್ಷನರ್ ಬೋಲ್ಟ್ ಸಡಿಲಿಸಿದರೆ ಸ್ಪ್ರಿಂಗೇ ಬಿಗಿ ಕೊಡುತ್ತದೆ. ನಾವು ಕೈ ಹಾಕಿ ಜಾಸ್ತಿ ಎಳೆಯುವುದು ಬೇಡ. ಬೋಲ್ಟ್ ಬಿಗಿ ಮಾಡಿ ಇನ್ನೂ ಎರಡು ಸುತ್ತು, ಮೇಲೆ ಆರರಲ್ಲಿ ಒಂದು ಭಾಗ ತಿರುಗಿಸಬೇಕು. ಒಟ್ಟು ಕ್ರ್ಯಾಂಕ್ ನಾಲ್ಕು ಸುತ್ತಿದರೆ ಕ್ಯಾಮ್ ಎರಡು ಸುತ್ತುತ್ತದೆ, ಹಾಗಾಗಿ ಪುಲ್ಲಿಯ ಮಾರ್ಕುಗಳು ಮತ್ತೆ ಕೂಡಲೇಬೇಕು. ಆದರೆ ಬೆಲ್ಟಿನ ಮೇಲೆ ನಾವು ಬಣ್ಣದಲ್ಲಿ ಹಾಕಿದ ಗುರುತು ಎಲ್ಲೋ ಹೋಗಿರುತ್ತದೆ. ಅದನ್ನು ನೋಡಿ ತಪ್ಪಾಯಿತು ಅಂತ ಸುಮ್ನೆ ಬಿಚ್ಚಬೇಡಿ.

ವಾಲ್ವ್ ಕವರ್ ಮುಚ್ಚುವಾಗ ಕ್ಯಾಮನ್ನು ಹಿಡಿದಿಡುವ ಕ್ಯಾಪುಗಳ ಮೂಲೆಗಳಿಗೆ ಸೀಲಂಟ್ ಹಚ್ಚಿದೆ. ಆ ಬೋಲ್ಟುಗಳಿಗೆ ಮೆಲ್ಲಗಿನ ಬಿಗಿ ಸಾಕು. ಸ್ಟಾರ್ಟ್ ಮಾಡಿದಾಗ ಮೊದಲು ಒಂದಿಷ್ಟು ಟಿಕ್ ಟಿಕ್ ಸದ್ದು ಬಂತು. ಕ್ಯಾಮ್ ಮತ್ತು ವಾಲ್ವುಗಳ ನಡುವೆ ಇರುವ ಹೈಡ್ರಾಲಿಕ್ ಲಿಫ್ಟರುಗಳಿಗೆ ಆಯಿಲ್ ತುಂಬುವವರೆಗೆ ಅದು ಇದ್ದದ್ದೇ. ಕೂಲೆಂಟಿನ ಗಾಳಿ ಹೋದ ಮೇಲೆ, ಎಂಜಿನ್ ಪೂರ್ತಿ ತಣ್ಣಗಾದಾಗ ಮತ್ತೆ ಲೆವೆಲ್ ನೋಡಿ ಸ್ವಲ್ಪ ತುಂಬಿದೆ.